ಕುದುರೆಮುಖದಲ್ಲಿ ಮೂರು ದಿನ: ಟೆಂಟು, ಚಾರಣ, ಹಕ್ಕಿ – ಮೂರೂ ಒಟ್ಟಿಗೆ ಆಗುತ್ತಾ?

ಹೊಸ_ಬೈನಾಕ್ಯುಲರ್
ನವೆಂಬರ್ ಕೊನೆ ವಾರ ಮೂರು ಜನ ಬೆಂಗಳೂರಿಂದ ಕುದುರೆಮುಖಕ್ಕೆ ಹೊರಟಿದ್ದೀವಿ. ಗುರುವಾರ ರಾತ್ರಿ ಬಸ್ಸು, ಶುಕ್ರವಾರ ಬೆಳಿಗ್ಗೆ ಕಳಸ, ಭಾನುವಾರ ರಾತ್ರಿ ವಾಪಸ್. ಅಂದುಕೊಂಡಿರೋದು ಇಷ್ಟು: ಚಾರಣ ಶುರುವಾಗೋ ಮುಳ್ಳೋಡಿಯಿಂದ ಹತ್ತಿ, ದಾರಿಯಲ್ಲಿ ಸಿಗೋ ಒಂಟಿಮರ ದಾಟಿದ ಮೇಲೆ ಹುಲ್ಲುಗಾವಲಲ್ಲಿ ಎಲ್ಲಾದರೂ ಟೆಂಟ್ ಹಾಕೋದು. ಬೆಳಗಿನ ಜಾವ ಅಲ್ಲೇ ಹಕ್ಕಿ ನೋಡಿ, ತುದಿ ಮುಟ್ಟಿ, ಇಳಿಯೋದು.

ನೋಡಲೇಬೇಕು ಅಂತಿರೋದು: ಕಾಕರಣೆ (ಮಲಬಾರ್ ಟ್ರೋಗನ್), ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್), ಸರಳೆ ಸಿಳ್ಳಾರ (ವಿಸ್ಲಿಂಗ್ ಥ್ರಷ್), ಮತ್ತೆ ಆ ಅಗಲ ಬಾಲದ ಹುಲ್ಲುಹಕ್ಕಿ. ಒಂದು 8×42 (ಎಂಟು ಪಟ್ಟು ದೊಡ್ಡದು ಮಾಡೋ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್ ಇದೆ, ಇನ್ನೊಂದು 10×42 ತಗೊಳ್ಳೋಣ ಅಂತ. ಟೆಂಟ್ ಮೂರು ಜನರದ್ದು, ಒಂದೇ ಪದರದ್ದು. ಏನೇನು ತಪ್ಪಾಗಬಹುದು ಹೇಳಿ.

ಕಳಸದ_ಕಡೆಯವ
ಮೊದಲನೇ ತಪ್ಪು ಟೆಂಟೇ ಮಾರಾಯ್ರೇ. ಅದು ರಾಷ್ಟ್ರೀಯ ಉದ್ಯಾನ. ಮುಳ್ಳೋಡಿ ಚೆಕ್‌ಪೋಸ್ಟ್ ದಾಟಿದ ಮೇಲೆ ರಾತ್ರಿ ಉಳಿಯೋಕೆ ಅವಕಾಶವೇ ಇಲ್ಲ. ಚಾರಣದ ಟಿಕೆಟ್ ಒಂದು ದಿನದ್ದು, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದು ಚೆಕ್‌ಪೋಸ್ಟಲ್ಲಿ ಹಾಜರಿ ಹಾಕಬೇಕು. ಒಳಗೆ ಹೋಗುವಾಗ ಚೀಲ ನೋಡ್ತಾರೆ, ಟೆಂಟ್ ಕಂಡರೆ ಅಲ್ಲೇ ಇಡಿಸ್ತಾರೆ.

ಟಿಕೆಟ್ಟೂ ಅಲ್ಲಿ ಹೋಗಿ ಕೊಳ್ಳೋ ಕಾಲ ಹೋಯ್ತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಖಾಲಿ. ಯಾವ ಗುರುತಿನ ಚೀಟಿ ಕೊಟ್ಟು ಬುಕ್ ಮಾಡಿದ್ರೋ ಅದನ್ನೇ ತನ್ನಿ.

ಚಾರಣಚೀಲ
ಸಣ್ಣ ಸೇರ್ಪಡೆ: ನವೆಂಬರ್ ಸರಿಯಾದ ಕಾಲವೇ. ಫೆಬ್ರವರಿಯಿಂದ ಮೇವರೆಗೆ ಬೆಂಕಿಯ ಭಯಕ್ಕೆ ಸಾಮಾನ್ಯವಾಗಿ ದಾರಿ ಮುಚ್ಚಿರ್ತಾರೆ. ಹುಲ್ಲು ಒಣಗಿದರೆ ಒಂದು ಬೀಡಿ ತುಂಡು ಸಾಕು.

ಗಡಿಬಿಡಿ_ಗುರು
ನಿಯಮ ಬಿಡಿ ಗುರು, ಯೂಟ್ಯೂಬಲ್ಲಿ ಮೇಲೆ ಟೆಂಟ್ ಹಾಕಿರೋ ವಿಡಿಯೋ ರಾಶಿ ಇದೆ.

ಕಳಸದ_ಕಡೆಯವ
@ಗಡಿಬಿಡಿ_ಗುರು ಅವು ಹಳೇವು, ಇಲ್ಲಾ ಬೇರೆ ಬೆಟ್ಟದ್ದು, ಇಲ್ಲಾ ಕದ್ದು ಹೋದೋರದ್ದು. ಅನುಮತಿ ಇಲ್ಲದೆ ಒಳಗೆ ಉಳಿದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸು. ಕೇಸು ಆಮೇಲಿನ ಮಾತು, ಸಂಜೆ ಆಗುತ್ತಲೂ ಕಾಟಿ (ಕಾಡುಕೋಣ) ಶೋಲಾದಿಂದ, ಅಂದ್ರೆ ಹುಲ್ಲುಬೆಟ್ಟಗಳ ನಡುವಿನ ಕಣಿವೆ ಕಾಡಿಂದ, ಹುಲ್ಲಿಗೆ ಬರ್ತವೆ. ನಿಮ್ಮ ಟೆಂಟ್ ಇರೋದು ಅವುಗಳ ಊಟದ ಎಲೆ ಮೇಲೆ.

ಶೋಲಾ_ಸಂದಿ
ನಿಯಮ ಒಂದು ಕಡೆ ಇರಲಿ. ಹಕ್ಕಿಯ ಲೆಕ್ಕದಲ್ಲೂ ಮೇಲೆ ಮಲಗಿ ಲಾಭವಿಲ್ಲ. ನಿಮ್ಮ ಪಟ್ಟಿ ನೋಡಿ: ನಾಲ್ಕರಲ್ಲಿ ಮೂರು ಕೆಳಗಿನವು. ಕಾಕರಣೆಗೆ ದಟ್ಟ ಕಾಡು ಬೇಕು, ಮಂಗಟ್ಟೆಗೆ ಹಣ್ಣಿನ ದೊಡ್ಡ ಮರ ಬೇಕು, ಸರಳೆ ಸಿಳ್ಳಾರಕ್ಕೆ ಹಳ್ಳ ಬೇಕು. ಹುಲ್ಲುಹಕ್ಕಿ ಮಾತ್ರ ಮೇಲಿನದು. ಅದೂ ಮರಿ ಮಾಡೋ ಕಾಲ ಬಿಟ್ಟು ಉಳಿದಾಗ ಹುಲ್ಲಿನ ಬುಡದಲ್ಲಿ ಇಲಿ ಥರ ಓಡಾಡುತ್ತೆ, ಕಾಣೋದು ಅಪರೂಪ. ನವೆಂಬರಲ್ಲಿ ಅದರ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಲೆಕ್ಕ. ಮುಳ್ಳೋಡಿಯಿಂದ ತುದಿಗೆ ಹೋಗಿಬರೋದು 18–20 ಕಿ.ಮೀ., ಏರಿಕೆ ಸುಮಾರು 900 ಮೀಟರ್. ಸುಮ್ಮನೆ ನಡೆದರೇ ಏಳೆಂಟು ಗಂಟೆ. ಹಕ್ಕಿ ನೋಡ್ತಾ ನಡೆದರೆ ಗಂಟೆಗೆ ಒಂದು ಕಿ.ಮೀ. ಆದರೆ ಹೆಚ್ಚು. ಅಂದಮೇಲೆ ಎರಡೂ ಒಂದೇ ದಿನ ಆಗೋ ಕೆಲಸವಲ್ಲ. ತುದಿಗೆ ಒಂದು ದಿನ ಕೊಡಿ, ಆ ದಿನ ಬೈನಾಕ್ಯುಲರ್ ಕೊರಳಲ್ಲಿ ಇರಲಿ, ಸಿಕ್ಕಿದ್ದು ಸಿಗಲಿ. ಹಕ್ಕಿಗೆ ಬೇರೆ ದಿನ, ಮುಳ್ಳೋಡಿ ಸುತ್ತ ಎರಡೇ ಕಿ.ಮೀ.

ಹೊಸ_ಬೈನಾಕ್ಯುಲರ್
ಟೆಂಟ್ ಕೈಬಿಟ್ಟೆ. ಆದ್ರೆ ಜೊತೆಗಿರೋ ಇಬ್ಬರಿಗೆ ಟೆಂಟಲ್ಲೇ ಮಲಗಬೇಕಂತೆ. ಹೋಮ್‌ಸ್ಟೇ ಅಂಗಳದಲ್ಲಿ ಹಾಕಬಹುದಾ?

ಚಾರಣಚೀಲ
ಖಾಸಗಿ ಜಾಗ, ಮನೆಯವರು ಒಪ್ಪಿದರೆ ಹಾಕಿ. ಆದರೆ ಒಂದೇ ಪದರದ ಟೆಂಟ್ ಮಲೆನಾಡಿಗೆ ಆಗಿಬರಲ್ಲ. ಮೂರು ಜನ ರಾತ್ರಿಯಿಡೀ ಬಿಡೋ ಉಸಿರು ತಣ್ಣನೆ ಬಟ್ಟೆಗೆ ತಾಗಿ ನೀರಾಗುತ್ತೆ, ಬೆಳಿಗ್ಗೆ ಹೊತ್ತಿಗೆ ಒಳಗಿಂದಲೇ ತೊಟ್ಟಿಕ್ಕುತ್ತೆ. ಜನ ಅದನ್ನ ‘ಟೆಂಟ್ ಸೋರುತ್ತೆ’ ಅಂದುಕೊಳ್ತಾರೆ. ಎರಡು ಪದರದ್ದು ಬಾಡಿಗೆಗೆ ತಗೊಳ್ಳಿ. ಒಳಪದರ ಬಲೆಯದ್ದು, ಹೊರಪದರ 3000 ಮಿ.ಮೀ. ನೀರೊತ್ತಡ ತಡೆಯೋದು. ಎರಡರ ನಡುವೆ ಒಂದು ಕೈ ಆಡೋಷ್ಟು ಜಾಗ ಇರಬೇಕು, ತಾಗಿಸಿ ಕಟ್ಟಿದರೆ ಪದರ ಎರಡಿದ್ದೂ ಒಂದೇ. ಮೇಲಿನ ಗಾಳಿಕಿಂಡಿ ಮಳೆ ಬಂದರೂ ತೆರೆದೇ ಇರಲಿ.

ಕೆಳಗೆ ಹಾಸೋ ಟಾರ್ಪಾಲಿನ ಅಂಚು ಟೆಂಟ್‌ನ ಅಂಚಿಗಿಂತ ನಾಲ್ಕು ಬೆರಳು ಒಳಗೇ ಇರಬೇಕು. ಹೊರಗೆ ಚಾಚಿದರೆ ಮೇಲಿಂದ ಇಳಿದ ಮಳೆನೀರನ್ನ ಅದೇ ಹಿಡಿದು ನಿಮ್ಮ ಬೆನ್ನಡಿಗೆ ತರುತ್ತೆ. ಬಹಳ ಜನ ಮಾಡೋ ತಪ್ಪು ಇದು.

ಜಾಗ ಆರಿಸೋವಾಗ ಮೇಲೆ ನೋಡಿ. ಅಡಿಕೆ ಮರದ ಕೆಳಗೆ ಬೇಡ, ಒಣ ಸೋಗೆ ಒಂದು ಬಿದ್ದರೆ ಟೆಂಟ್ ಕೋಲು ಮುರಿಯುತ್ತೆ. ಹಳ್ಳದ ಪಕ್ಕ ಅಂತೂ ಬೇಡವೇ ಬೇಡ. ಕಾಫಿ ಒಣಗಿಸೋ ಕಣ ಸಿಮೆಂಟಿನದಾದರೆ ಗೂಟ ಇಳಿಯಲ್ಲ, ತಾನೇ ನಿಲ್ಲೋ ಥರದ ಟೆಂಟ್ ತಗೊಂಡು ನಾಲ್ಕು ಮೂಲೆಗೆ ಕಲ್ಲು ಕಟ್ಟಿ.

ಅಡಿಕೆ_ಸೋಗೆ
ನನ್ನ ಹೆಸರು ಯಾರೋ ತೆಗೆದ ಹಾಗಾಯ್ತು 😄 ಸೋಗೆ ಅಲ್ಲ, ಅಡಿಕೆ ಹಾಳೆ ಸಮೇತ ಬೀಳುತ್ತೆ, ಪೆಟ್ಟು ಜೋರು.

ಬಯಲುಸೀಮೆ_ಬುಲ್‌ಬುಲ್
ಬೆಟ್ಟದ ಮೇಲೆ ಅಲ್ಲದಿದ್ರೂ ಕಾಡಿನೊಳಗೆ ಟೆಂಟಲ್ಲಿ ಮಲಗಬೇಕು ಅಂದ್ರ ಭಗವತಿ ಪ್ರಕೃತಿ ಶಿಬಿರ ಐತಲ್ರೀ. ಸರ್ಕಾರದ್ದು, ಭದ್ರಾ ಹರಿಯೋ ಬಾಜೂನ. ಮಂಚ ಹಾಕಿದ ಟೆಂಟು. ಅಲ್ಲಿಂದ ಮುಳ್ಳೋಡಿ ದೂರ ಆಗ್ತದ, ಅದಕ್ಕ ತುದಿ ಹತ್ತೋ ದಿನಕ್ಕ ಅದು ಬ್ಯಾಡ. ಬುಕಿಂಗ್ ಇಲ್ದ ಬಾಗಿಲಿಗೆ ಹೋಗಿ ನಿಂತರ ಕೆಲಸ ಆಗಂಗಿಲ್ಲ.

ಸರ್ಪಹದ್ದು
ಶುಕ್ರವಾರ-ಶನಿವಾರ-ಭಾನುವಾರ ಅನ್ನೋದನ್ನೇ ಬದಲಿಸಿ. ಶನಿವಾರ ಆ ದಾರಿಯಲ್ಲಿ ಹಕ್ಕಿಗಿಂತ ಬ್ಲೂಟೂತ್ ಸ್ಪೀಕರ್ ಜಾಸ್ತಿ. ಬುಧವಾರ ರಾತ್ರಿ ಹೊರಡಿ. ಗುರುವಾರ ಮಧ್ಯಾಹ್ನ ಮುಳ್ಳೋಡಿ ಸುತ್ತ, ಶುಕ್ರವಾರ ತುದಿ, ಶನಿವಾರ ಬೆಳಿಗ್ಗೆ ಶೋಲಾ ಅಂಚು, ರಾತ್ರಿ ಬಸ್ಸು. ಬಸ್ಸಿಳಿದ ದಿನವೇ ಹತ್ತೋಕೆ ಹೋಗಬೇಡಿ. ಕಳಸದಿಂದ ಬಾಳೆಗಲ್, ಅಲ್ಲಿಂದ ಮುಳ್ಳೋಡಿಗೆ ಜೀಪು, ತಿಂಡಿ, ಎಲ್ಲ ಮುಗಿಯೋ ಹೊತ್ತಿಗೆ ಒಳಗೆ ಬಿಡೋ ಸಮಯ ಕಳೆದಿರುತ್ತೆ. ನಿದ್ದೆಗೆಟ್ಟ ಕಾಲು ಇಳಿಜಾರಲ್ಲಿ ಜಾರೋದೂ ಹೆಚ್ಚು.

ಕಾರಲ್ಲಿ ಬರೋದಾದರೆ: ಮುಳ್ಳೋಡಿವರೆಗಿನ ಕೊನೆ ತುಂಡು ಜೀಪಿನ ದಾರಿ. ಸಣ್ಣ ಕಾರು ತಳ ಹೊಡೆಯುತ್ತೆ. ಬಾಳೆಗಲ್ಲಲ್ಲಿ ಬಿಡಿ.

ಗಡಿಬಿಡಿ_ಗುರು
ಕರ್ನಾಟಕದ ಎರಡನೇ ಎತ್ತರದ ಶಿಖರ, ಸುಸ್ತಾಗದೆ ಇರುತ್ತಾ.

ನಕ್ಷೆ_ನಾಗರಹಾವು
ಎರಡನೇದಲ್ಲ. ಮುಳ್ಳಯ್ಯನಗಿರಿ 1930, ಬಾಬಾಬುಡನ್‌ಗಿರಿ 1895, ಕುದುರೆಮುಖ 1894 ಮೀಟರ್. ಒಂದು ಮೀಟರಲ್ಲಿ ಸೋತಿದೆ ಪಾಪ.

ಗಡಿಬಿಡಿ_ಗುರು
ಒಂದು ಮೀಟರ್‌ಗೆ ಇಷ್ಟು ಜಗಳನಾ?! ಕೆಲವು ಕಡೆ 1892 ಅಂತಲೂ ಇದೆ.

ನಕ್ಷೆ_ನಾಗರಹಾವು
ಹಾಗಾದರೆ ಮೂರು ಮೀಟರಲ್ಲಿ ಸೋತಿದೆ.

ಗಾಜಿನ_ಕಣ್ಣು
ಬೈನಾಕ್ಯುಲರ್ ಬಗ್ಗೆ ಯಾರೂ ಮಾತಾಡಿಲ್ಲ. ಎರಡನೇದೂ 8×42 ತಗೊಳ್ಳಿ. ಕಾರಣ ಗಣಿತ: 42ನ್ನ 8ರಿಂದ ಭಾಗಿಸಿದರೆ 5.25 ಮಿ.ಮೀ., 10ರಿಂದ ಭಾಗಿಸಿದರೆ 4.2. ಕಣ್ಣಿಗೆ ಬರೋ ಬೆಳಕಿನ ಕಂಬದ ಅಗಲ ಅದು. ಶೋಲಾದೊಳಗೆ ಬೆಳಿಗ್ಗೆ ಏಳಕ್ಕೂ ಮಬ್ಬು, ಅಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ. ಹತ್ತಿ ಏದುಸಿರು ಬಿಡೋವಾಗ 10ರ ಚಿತ್ರ ಕುಣಿಯೋದೂ ಜಾಸ್ತಿ, ನೋಟದ ಅಗಲವೂ ಕಡಿಮೆ. ಎಲೆ ನಡುವೆ ಹಾರೋ ಹಕ್ಕಿಯನ್ನ ಹುಡುಕೋಷ್ಟರಲ್ಲಿ ಅದು ಹೋಗಿರುತ್ತೆ. 10×42 ಕೆರೆಗೆ, ಬಯಲಿಗೆ ಸರಿ.

ಕನ್ನಡಕದವರು ಇದ್ದರೆ ಕಣ್ಣುಬಟ್ಟಲು ಪೂರ್ತಿ ಕೆಳಗೆ ತಿರುಗಿಸಬೇಕು. ಇಲ್ಲಾಂದ್ರೆ ಕೊಳವೆಯೊಳಗಿಂದ ನೋಡಿದ ಹಾಗೆ ಸುತ್ತ ಕಪ್ಪು.

ಮಂಜು ಕೂತರೆ ಅಂಗಿ ತುದಿಯಲ್ಲಿ ಒರೆಸಬೇಡಿ. ಬೆವರಿನ ಉಪ್ಪು, ದೂಳು ಸೇರಿ ಗಾಜಿನ ಲೇಪ ಗೀರುತ್ತೆ. ಮೊದಲು ಊದೋ ಬಲ್ಬಲ್ಲಿ ದೂಳು ತೆಗೆದು ಆಮೇಲೆ ಮೈಕ್ರೋಫೈಬರ್ ಬಟ್ಟೆ. ಅಂಥ ಬಟ್ಟೆ ಎರಡಿರಲಿ, ಒಂದು ಒದ್ದೆಯಾಗೇ ಆಗುತ್ತೆ. ರಾತ್ರಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಅಡುಗೆಮನೆ ಒಲೆ ಹತ್ತಿರ ಒಣಗಿಸಿದರೆ ತೇವ ತಡೆಯೋ ಒಳಗಿನ ಸೀಲ್ ಸಡಿಲಾಗುತ್ತೆ.

ಶೋಲಾ_ಸಂದಿ
ಕಾಕರಣೆ ಹುಡುಕೋ ರೀತಿ. ಹುಡುಕಿಕೊಂಡು ನಡೆಯಬೇಡಿ, ಒಂದು ಕಡೆ ನಿಲ್ಲಿ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಶೋಲಾ ಅಂಚಲ್ಲಿ ಮಿಶ್ರ ಗುಂಪು ಸಾಗುತ್ತೆ: ಮೇಲೆ ಚಿತ್ರಪಕ್ಷಿ, ನಡುವೆ ನೊಣಹಿಡುಕಗಳು, ಕೆಳಗೆ ಪೊದೆಯಲ್ಲಿ ಹರಟೆಮಲ್ಲಗಳು, ಎಲ್ಲರ ಮೇಲೆ ದರ್ಬಾರು ಮಾಡ್ತಾ ಭೀಮರಾಜ (ಬಾಲದಲ್ಲಿ ಎರಡು ಉದ್ದ ತಂತಿ ಇರೋ ಕಪ್ಪು ಹಕ್ಕಿ). ಭೀಮರಾಜನ ಸದ್ದು ಕೇಳಿದಲ್ಲಿ ಇಪ್ಪತ್ತು ನಿಮಿಷ ಅಲುಗಾಡದೆ ಇರಿ. ಗುಂಪಿನ ಹಿಂದೆ ಕಾಕರಣೆ ಬರೋದುಂಟು. ನೆಲದಿಂದ ನಾಲ್ಕೈದು ಮೀಟರ್ ಮೇಲೆ, ಎಲೆಯಿಲ್ಲದ ಅಡ್ಡ ಕೊಂಬೆಯಲ್ಲಿ ನೆಟ್ಟಗೆ ಕೂರುತ್ತೆ. ಕಷ್ಟ ಏನಂದ್ರೆ ನಿಮ್ಮನ್ನ ಕಂಡರೆ ಬೆನ್ನು ತಿರುಗಿಸಿ ಕೂರುತ್ತೆ, ಬೆನ್ನು ಕಂದು, ಒಣಗಿದೆಲೆ ಥರ. ಗಂಡಿನ ಕೆಂಪು ಹೊಟ್ಟೆ, ಎದೆಯ ಬಿಳಿ ಪಟ್ಟಿ ಕಾಣಬೇಕಾದರೆ ಬದಿಗೆ ಎರಡು ಹೆಜ್ಜೆ ಸರಿಯಿರಿ, ಹತ್ತಿರ ಹೋಗಬೇಡಿ. ಹೆಣ್ಣಿನ ಹೊಟ್ಟೆ ಕೆಂಪಲ್ಲ, ಹಳದಿ ಬೆರೆತ ಕಂದು.

ಮಂಗಟ್ಟೆಗೆ ಹಣ್ಣಾದ ಆಲ, ಬಸರಿ, ಅತ್ತಿ ಜಾತಿಯ ಮರ ಎಲ್ಲಿದೆ ಅಂತ ಮನೆಯವರನ್ನೇ ಕೇಳಿ. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಹಳೇ ರೈಲಿನ ಉಸಿರಿನ ಹಾಗೆ, ತಲೆ ಎತ್ತೋ ಮೊದಲೇ ಕೇಳುತ್ತೆ. ಯಾರೋ ಕುಡಿದು ನಕ್ಕ ಹಾಗೆ ಕೇಳಿದರೆ ಅದು ಮಲಬಾರ್ ಬೂದು ಮಂಗಟ್ಟೆ. ಅದು ಸಿಗೋ ಸಾಧ್ಯತೆ ಹೆಚ್ಚು.

ಮಳೆ_ಮಾಪಕ
ಸರಳೆ ಸಿಳ್ಳಾರದ ಹಾಡು ಕೇಳೋಕೆ ನವೆಂಬರ್ ತಡ. ಅದರ ಕಚೇರಿ ಮಳೆಗಾಲದಲ್ಲಿ. ಈಗ ಹಳ್ಳದ ಬಂಡೆ ಮೇಲಿಂದ ಒಂದೇ ಚೂಪು ಸಿಳ್ಳೆ ಹಾಕಿ ಹಾರುತ್ತೆ. ಕಪ್ಪು ಹಕ್ಕಿ ಅನ್ನಿಸುತ್ತೆ, ಬಿಸಿಲು ತಾಗಿದಾಗ ಭುಜ, ಹಣೆ ನೀಲಿ ಹೊಳೆಯುತ್ತೆ. ಬೆಳಕು ಹರಿಯೋ ಮೊದಲೇ ಹಳ್ಳದ ಬಳಿ ಇರಿ. ಅದೇ ಹಳ್ಳದಲ್ಲಿ ಬೂದು ಕುಂಡೆಕುಸ್ಕ ಬಾಲ ಕುಣಿಸ್ತಿರುತ್ತೆ, ಚಳಿಗಾಲಕ್ಕೆ ಹಿಮಾಲಯದಿಂದ ಬಂದ ನೆಂಟ.

ಗಡಿಬಿಡಿ_ಗುರು
ಇಷ್ಟೆಲ್ಲ ಯಾಕೆ, ದನಿ ಕೇಳಿ ಹಕ್ಕಿ ಗುರುತಿಸೋ ಮರ್ಲಿನ್ ಆ್ಯಪ್ ಆನ್ ಮಾಡಿದ್ರೆ ಹೆಸರು ತಾನೇ ಬರುತ್ತೆ. ಫೋನಲ್ಲಿ ಹಕ್ಕಿ ಕೂಗು ಹಾಕಿದ್ರೆ ಹಕ್ಕಿನೂ ತಾನೇ ಬರುತ್ತೆ.

ಶೋಲಾ_ಸಂದಿ
ಎರಡಕ್ಕೂ ಬೇರೆ ಬೇರೆ ಉತ್ತರ. ಆ್ಯಪ್ ಒಳ್ಳೇದೇ, ಆದರೆ ಅಲ್ಲಿ ಸಿಗ್ನಲ್ ಇರಲ್ಲ. ಭಾರತದ ಹಕ್ಕಿಗಳ ಪ್ಯಾಕ್ ಬೆಂಗಳೂರಲ್ಲೇ ಇಳಿಸಿಕೊಳ್ಳಿ. ಅದು ಹೇಳಿದ್ದೆಲ್ಲ ಬರ್ಕೋಬೇಡಿ. ಭೀಮರಾಜ ಹತ್ತು ಹಕ್ಕಿಯ ದನಿ ಅಣಕಿಸುತ್ತೆ, ಆ್ಯಪ್ ಅಷ್ಟನ್ನೂ ಪಟ್ಟಿಗೆ ಸೇರಿಸುತ್ತೆ. ಹಾಗೆ ಇಬರ್ಡ್‌ಗೆ (ಕಂಡ ಹಕ್ಕಿಗಳನ್ನ ದಾಖಲಿಸೋ ಜಾಲತಾಣ) ಹಾಕಿದ ಪಟ್ಟಿಗಳನ್ನ ಪರಿಶೀಲಕರು ಕೂತು ತೆಗೆಯಬೇಕು. ಕಣ್ಣಿಗೆ ಕಂಡಿದ್ದು, ಇಲ್ಲಾ ನೀವೇ ಕಿವಿಯಿಂದ ಗುರುತಿಸಿದ್ದು ಮಾತ್ರ ಬರೆಯಿರಿ.

ಕೂಗು ಹಾಕೋದು ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಹಕ್ಕಿ ಮೇವು ಬಿಟ್ಟು ಜಗಳಕ್ಕೆ ಬರುತ್ತೆ. ನಿಮ್ಮ ಹಿಂದೆ ಬಂದವರೂ ಅದನ್ನೇ ಮಾಡಿದರೆ ದಿನವಿಡೀ ಇಲ್ಲದ ಶತ್ರುವಿನ ಜೊತೆ ಜಗಳ.

ಇಂಬಳ_ಪ್ರಿಯ
ನವೆಂಬರ್ ಅಂತ ಇಂಬಳ ಮರೀಬೇಡಿ. ಮಳೆ ನಿಂತು ಎರಡು ವಾರ ಆಗಿದ್ದರೆ ದಾರಿಯಲ್ಲಿ ಕಡಿಮೆ, ಶೋಲಾ ಒಳಗೆ ಹಳ್ಳ ದಾಟೋ ಕಡೆ ಇದ್ದೇ ಇರ್ತವೆ. ಇಪ್ಪತ್ತು ನಿಮಿಷ ನಿಂತು ಹಕ್ಕಿ ನೋಡಿ ಅಂತ ಮೇಲೆ ಹೇಳಿದ್ದಾರಲ್ಲ, ಇಂಬಳಕ್ಕೂ ಅದೇ ಬೇಕು. ಮಣ್ಣಿನ ಮೇಲೆ ಬೇಡ, ಒಣ ಬಂಡೆ ಮೇಲೆ ನಿಲ್ಲಿ.

ದಪ್ಪ ನೇಯ್ಗೆಯ ಉದ್ದ ಕಾಲುಚೀಲಕ್ಕೆ ಪ್ಯಾಂಟ್ ಸಿಕ್ಕಿಸಿ. ಬೂಟಿನ ಸುತ್ತ ಹೊಗೆಸೊಪ್ಪು ನೆನೆಸಿದ ನೀರು, ಸುಣ್ಣ ಹಚ್ಚಬಹುದು, ಹಳ್ಳ ದಾಟಿದ ಮೇಲೆ ಮತ್ತೆ ಹಚ್ಚಬೇಕು. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡರೆ ಬೂಟು ಹತ್ತೋದನ್ನ ಮುಟ್ಟಿಸಿ ಬೀಳಿಸಬಹುದು.

ಕಚ್ಚಿದ ಮೇಲೆ ಉಪ್ಪು ಹಾಕಬೇಡಿ, ಬೆಂಕಿ ತಾಗಿಸಬೇಡಿ, ಎಳೀಬೇಡಿ. ಕುಡಿದಿದ್ದನ್ನ ಗಾಯಕ್ಕೇ ಕಕ್ಕುತ್ತೆ. ಉಗುರನ್ನ ಚರ್ಮಕ್ಕೆ ಒತ್ತಿ ಬಾಯಿಯ ಕಡೆಯಿಂದ ಬದಿಗೆ ತಳ್ಳಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಬಿಡೋ ರಸಕ್ಕೆ ಗಾಯ ಬಹಳ ಹೊತ್ತು ಸೋರುತ್ತೆ. ಗಾಬರಿ ಬೇಡ, ಸೋಪಿನ ನೀರಲ್ಲಿ ತೊಳೆದು ಹತ್ತಿ ಒತ್ತಿ ಕಟ್ಟಿ.

ಬಯಲುಸೀಮೆ_ಬುಲ್‌ಬುಲ್
ಜಿಗಣಿ ಅನ್ರೀ, ಇಂಬಳ ಅಂದ್ರ ಯಾರಿಗೆ ತಿಳೀಬೇಕು.

ಇಂಬಳ_ಪ್ರಿಯ
ಜಿಗಣೆ ಕೆರೆಯದ್ದು, ಎಮ್ಮೆಗೆ ಅಂಟೋದು. ನೆಲದ ಮೇಲೆ ನಿಂತು ಬಾಗಿ ಬಳುಕಿ ನಿಮ್ಮನ್ನ ಹುಡುಕೋದು ಇಂಬಳ. ಕೆಲವು ಕಡೆ ಉಂಬಳ ಅಂತಾರೆ. ಒಂದು ಸಲ ಬನ್ನಿ, ಅವೇ ಪರಿಚಯ ಮಾಡಿಕೊಳ್ತವೆ.

ಕೊಪ್ಪದ_ಕಷಾಯ
ಇಂಬಳ ರಕ್ತ ಕುಡಿದು ಹೋಗುತ್ತೆ ಅಷ್ಟೇ. ಯೋಚನೆ ಮಾಡಬೇಕಾದ್ದು ಉಣುಗು, ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಮಂಗನ ಕಾಯಿಲೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದದ್ದು, ನಮ್ಮ ಕೊಪ್ಪ, ಶೃಂಗೇರಿ ಕಡೆಯೂ ಬರುತ್ತೆ. ಕಾಲ ಸುಮಾರು ಡಿಸೆಂಬರಿಂದ ಮೇ. ನವೆಂಬರ್ ಕೊನೆ ಅಂದರೆ ಅದರ ಹೊಸ್ತಿಲು. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡ್‌ಗೆ ಹೇಳಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಸಂಜೆ ಬಂದ ತಕ್ಷಣ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಊರಿಗೆ ಹೋದ ಒಂದು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೆಂಗಳೂರಲ್ಲಿ ಅದು ಅವರ ತಲೆಗೆ ಮೊದಲು ಹೊಳೆಯೋದಿಲ್ಲ.

ಹೊಸ_ಬೈನಾಕ್ಯುಲರ್
ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ನೀರು, ಊಟ?

ಚಾರಣಚೀಲ
ತಲೆಗೆ ಎರಡು ಲೀಟರ್ ಹೊತ್ತು ಹೊರಡಿ. ನವೆಂಬರಲ್ಲಿ ದಾರಿಯ ಹಳ್ಳಗಳಲ್ಲಿ ನೀರಿರುತ್ತೆ, ಹುಲ್ಲಿನ ಏರು ಶುರುವಾಗೋ ಮೊದಲು ತುಂಬಿಸಿಕೊಳ್ಳಿ. ಮೇಲೆ ಕಾಟಿ ಓಡಾಡೋ ಜಾಗ, ಹಾಗೇ ಕುಡಿಯಬೇಡಿ. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು. ನೀರು ತುಂಬ ತಣ್ಣಗಿದ್ದರೆ ಇನ್ನೂ ಜಾಸ್ತಿ.

ಒಂದು ಸಲ ಬಳಸಿ ಎಸೆಯೋ ಪ್ಲಾಸ್ಟಿಕ್ ಒಳಗೆ ಬಿಡಲ್ಲ. ಬಿಸ್ಕತ್ತು, ಕಡಲೆಮಿಠಾಯಿ ಹೊದಿಕೆ ಬಿಚ್ಚಿ ಡಬ್ಬಿಗೆ ಸುರಿದುಕೊಂಡು ಬನ್ನಿ, ಚೆಕ್‌ಪೋಸ್ಟಲ್ಲಿ ಹತ್ತು ನಿಮಿಷ ಉಳಿಯುತ್ತೆ.

ಅಡಿಕೆ_ಸೋಗೆ
ಮಧ್ಯಾಹ್ನಕ್ಕೆ ಬಾಳೆ ಎಲೆಯಲ್ಲಿ ಪುಳಿಯೋಗರೆ ಕಟ್ಟಿಸ್ಕೊಳ್ಳಿ. ಚಿತ್ರಾನ್ನಕ್ಕೆ ಕಾಯಿ ಹಾಕಿದ್ರೆ ಹಳಸುತ್ತೆ. ಮೊಸರನ್ನ ಅಂತೂ ಚೀಲದಲ್ಲಿ ಕುಲುಕಿ ಕುಲುಕಿ ಮಜ್ಜಿಗೆ.

ಕಳಸದ_ಕಡೆಯವ
ಒಂಟಿಮರದ ಹತ್ತಿರ ಕೂತು ತಿನ್ನೋಣ ಅಂತ ಎಲ್ಲರಿಗೂ ಅನ್ನಿಸುತ್ತೆ. ಸ್ವಲ್ಪ ಮುಂದೆ ಹೋಗಿ ತಿನ್ನಿ, ಅಲ್ಲಿ ಫೋಟೋ ಸಾಲು. ಮತ್ತೆ ಮಧ್ಯಾಹ್ನ ಒಂದೂವರೆ ಆದರೆ ಎಲ್ಲೇ ಇದ್ದರೂ ತಿರುಗಿ. ಮೇಲೆ ಮಂಜು ಮುಸುಕಿದರೆ ಹುಲ್ಲಿನ ದಾರಿ ಕವಲೊಡೆದಂತೆ ಕಾಣುತ್ತೆ, ಅರ್ಧ ಕಾಟಿ ತುಳಿದ ದಾರಿ. ಗೈಡ್ ಇಲ್ಲದೆ ಹೋದವರು ತಪ್ಪೋದು ಅಲ್ಲೇ.

ಸರ್ಪಹದ್ದು
ಹುಲ್ಲಿನಲ್ಲಿ ಹಕ್ಕಿಯೇ ಇಲ್ಲ ಅಂತ ಅಂದುಕೊಳ್ಳಬೇಡಿ. ಹತ್ತು ಗಂಟೆಗೆ ಬಿಸಿಗಾಳಿ ಏಳೋಕೆ ಶುರುವಾದ ಮೇಲೆ ಕಣಿವೆ ಕಡೆ ನೋಡಿ. ಶೋಲಾದ ನೆತ್ತಿ ಸವರಿಕೊಂಡು, ರೆಕ್ಕೆ ಬಡಿಯದೆ, ಬಹಳ ನಿಧಾನ ಸಾಗೋ ಕಪ್ಪು ಹದ್ದು: ರೆಕ್ಕೆ ತುದಿಯ ಗರಿ ಬೆರಳು ಬಿಡಿಸಿದ ಹಾಗೆ, ಕಾಲು ಹಳದಿ. ಗೂಡು ಹುಡುಕಿ ಮೊಟ್ಟೆ, ಮರಿ ತಿನ್ನೋ ಗಿರಾಕಿ, ಅದಕ್ಕೇ ಅಷ್ಟು ನಿಧಾನ. ನೀವು ಅದನ್ನ ಮೇಲಿಂದ ನೋಡ್ತೀರಿ, ಬೆನ್ನು ಕಾಣುತ್ತೆ. ಬಯಲಲ್ಲಿ ಆ ಅವಕಾಶ ಇಲ್ಲ.

ಗಡಿಬಿಡಿ_ಗುರು
ವಾಪಸ್ ಬರುವಾಗ ಕುದುರೆಮುಖ ಟೌನ್, ಲಕ್ಯಾ ಅಣೆಕಟ್ಟು ನೋಡಬಹುದಾ? ಕಾರ್ಕಳ ರಸ್ತೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಹಕ್ಕಿ ನೋಡಿದ್ರೆ ಚೆನ್ನಾಗಿರುತ್ತೆ.

ನಕ್ಷೆ_ನಾಗರಹಾವು
ಆ ರಸ್ತೆಯಲ್ಲಿ ನಿಲ್ಲಿಸೋ ಹಾಗಿಲ್ಲ. ಚೆಕ್‌ಪೋಸ್ಟಲ್ಲಿ ಸಮಯ ಬರೆದ ಚೀಟಿ ಕೊಡ್ತಾರೆ, ಆಚೆ ತುದಿಯಲ್ಲಿ ತಡವಾಗಿ ತಲುಪಿದರೆ ದಂಡ. ಅಣೆಕಟ್ಟು ಅಲ್ಲಿದ್ದ ಕಬ್ಬಿಣದ ಅದಿರಿನ ಗಣಿಯ ಹೂಳು ನಿಲ್ಲಿಸೋಕೆ ಕಟ್ಟಿದ್ದು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ಊರು ಖಾಲಿಯಾಯಿತು, ಹೂಳು ಮಾತ್ರ ಇನ್ನೂ ಅಲ್ಲೇ ಇದೆ. ಉದ್ಯಾನ ಅಂತ ಘೋಷಣೆ ಆಗಿದ್ದು 1987ರಲ್ಲಿ, ಅಂದರೆ ಹದಿನೆಂಟು ವರ್ಷ ಗಣಿಯೂ ಉದ್ಯಾನವೂ ಅಕ್ಕಪಕ್ಕ.

ಮಳೆ_ಮಾಪಕ
ಘೋಷಣೆ ಆಗಿದ್ದು ಸಿಂಗಳೀಕದ ದೆಸೆಯಿಂದ ಅನ್ನೋದನ್ನೂ ಸೇರಿಸಿ. 80ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಾಡಿದ ಸಿಂಗಳೀಕ ಸಮೀಕ್ಷೆ ಇಲ್ಲದಿದ್ದರೆ ಈ ಚರ್ಚೆಗೆ ಕಾಡೇ ಇರ್ತಿರಲಿಲ್ಲ.

ಹೊಸ_ಬೈನಾಕ್ಯುಲರ್
ಬದಲಿಸಿದ ಪ್ಲಾನ್: ಬುಧವಾರ ರಾತ್ರಿ ಬಸ್ಸು. ಗುರುವಾರ ಮಧ್ಯಾಹ್ನ ಮೂರರಿಂದ ತೋಟ ಮತ್ತು ಹಳ್ಳ. ಶುಕ್ರವಾರ ಬಾಗಿಲು ತೆಗೆಯುತ್ತಲೂ ಹತ್ತೋದು, ಒಂದೂವರೆಗೆ ತಿರುಗೋದು. ಶನಿವಾರ ಬೆಳಿಗ್ಗೆ ಶೋಲಾ ಅಂಚಲ್ಲಿ ಬಂಡೆ ಮೇಲೆ ನಿಂತು ಭೀಮರಾಜನಿಗೆ ಕಾಯೋದು. ಎರಡು ಪದರದ ಟೆಂಟ್ ಬಾಡಿಗೆಗೆ, ಎರಡನೇದೂ 8×42. ಶುಕ್ರವಾರದ ಟಿಕೆಟ್ ಮೂರೂ ಸಿಕ್ಕಿತು.

ಗಾಜಿನ_ಕಣ್ಣು
ಸಿಲಿಕಾ ಜೆಲ್?

ಹೊಸ_ಬೈನಾಕ್ಯುಲರ್
ಹೊಸ ಬೂಟಿನ ಡಬ್ಬಿಯಲ್ಲಿ ಎರಡು ಪೊಟ್ಟಣ ಸಿಕ್ಕಿವೆ.

ಗಾಜಿನ_ಕಣ್ಣು
ಅವು ಬೂಟಿನ ತೇವ ಕುಡಿದು ಸೋತಿರ್ತವೆ, ಬೇರೆ ತಗೊಳ್ಳಿ. ಮತ್ತೆ ಹೊಸ ಬೂಟು ಅಂದ್ರಾ? ಇವತ್ತಿಂದಲೇ ಹಾಕ್ಕೊಂಡು ದಿನಾ ಐದು ಕಿ.ಮೀ. ನಡೀರಿ. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ತಾಗುತ್ತೆ ಅಂದರೆ ಅರ್ಧ ಅಳತೆ ದೊಡ್ಡದಕ್ಕೆ ಬದಲಾಯಿಸಿ. ಹೊರಡೋ ಮೊದಲು ಉಗುರು ಕತ್ತರಿಸಿ.